ಹಿಮ್ಮಡಿಯ ಎತ್ತರ

ಹೆಂಡತಿಯ ಹೊಸ ಕಾಲನ್ನು ಮೊದಲ ಸಲ ನೋಡಿದಾಗ ಬೂಟು ಮಾಸ್ತರನ ಕಣ್ಣು ಹೋಗಿ ನಿಂತದ್ದು ಅದರ ಬೆರಳುಗಳ ಮೇಲೆ. ಬೆರಳುಗಳೇನು ಬಂತು, ರಬ್ಬರಿನ ಒಂದೇ ಮುದ್ದೆಯ ಮೇಲೆ ಎಳೆದ ನಾಲ್ಕು ಗೆರೆ. ಉಗುರಿಲ್ಲ, ಗಂಟಿಲ್ಲ, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಒರಗುವ ಆ ಹಳೆಯ ಸೋಮಾರಿತನವೂ ಇಲ್ಲ. ‘ಇದು ಯಾರ ಪಾದವೂ ಅಲ್ಲ’ ಅಂದುಕೊಂಡ. ಬಾಯಿಬಿಟ್ಟು ಹೇಳಲಿಲ್ಲ. ಮಾತನ್ನು ನಾಲಿಗೆಯ ತುದಿಯಿಂದ ಹಿಂದಕ್ಕೆ ಕಳಿಸುವುದು ಅವನ ಹುಟ್ಟುಗುಣ.

ಅವಳ ಪಾದ ಅವನಿಗೆ ಗೊತ್ತಿದ್ದಷ್ಟು ಇನ್ನು ಯಾರಿಗೂ ಗೊತ್ತಿರಲಿಲ್ಲ. ಮದುವೆಗೆ ಮುಂಚೆ ಅವಳು ಅವನ ಅಂಗಡಿಗೆ ಗಿರಾಕಿಯಾಗಿ ಬಂದವಳು. ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಕೆಲಸ; ದಿನವಿಡೀ ಬೀದಿ ಬೀದಿ, ಮನೆ ಮನೆ, ಮೆಟ್ಟಿಲು ಮೆಟ್ಟಿಲು. “ಸವೆಯದೇ ಇರೋ ಬೂಟು ಮಾಡಿಕೊಡ್ತೀರಾ?” ಎಂದು ಕೇಳಿದ್ದಳು. “ಬೂಟು ಸವೆಯದೇ ಇದ್ರೆ ಕೂತು ಕೂತು ನಾನು ಸವೀತೀನಲ್ಲ” ಎಂದು ಇವನು ಅಂದಾಗ ಅಂಗಡಿ ತುಂಬ ನಕ್ಕಿದ್ದಳು. ಅವಳ ಪಾದಗಳ ಅಳತೆ ತೆಗೆದು, ಚರ್ಮ ಎಳೆದು ಹೊಲಿಯಲು ಪಾದದಂಥದೇ ಮರದ ಜೋಡಿ ಅಚ್ಚು ಕೆತ್ತಿದ. ಬೇರೆ ಗಿರಾಕಿಗಳ ಅಚ್ಚುಗಳು ಗೋಣಿಚೀಲದಲ್ಲಿ ಬಿದ್ದಿರುತ್ತಿದ್ದವು. ಅವಳದನ್ನು ಮಾತ್ರ ತಾನು ಕೂರುವ ಜಾಗದ ಎದುರಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ತನ್ನ ಪ್ರೀತಿಯನ್ನು ಅವನು ಅದಕ್ಕಿಂತ ಗಟ್ಟಿಯಾಗಿ ಎಂದೂ ಹೇಳಿದವನಲ್ಲ.

ಊರಿನವರು ಅವಳನ್ನು ಮೀಟರಮ್ಮ ಎನ್ನುತ್ತಿದ್ದರು. ಅವಳು ಬಂದಳೆಂದರೆ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು. ಯಾರ ಮನೆಯಲ್ಲಿ ಯಾರಿಗೆ ನೆಗಡಿ, ಯಾರ ನಾಯಿ ಮರಿ ಹಾಕಿದೆ, ಯಾವ ಮುದುಕ ಮೀಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವಳಿಗಾಗಿ ಕಾಯುತ್ತಾನೆ, ಎಲ್ಲವನ್ನೂ ಸಂಜೆ ಬಂದು ಹೇಳುತ್ತಿದ್ದಳು. ಇವನು ಹೊಲಿಗೆಯಿಂದ ತಲೆ ಎತ್ತದೆ ಹೂಂಗುಟ್ಟುತ್ತಿದ್ದ. ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಅವಳಿಗೆ ಅಷ್ಟೊಂದು ಬಾಗಿಲು, ತನಗೆ ಒಂದೇ. ಅವಳು ಬೂಟು ಬಿಚ್ಚಿಟ್ಟು ಒಳಗೆ ಹೋದ ಮೇಲೆ ಅದನ್ನು ಮಗುಚಿ ಅಡಿಯನ್ನು ನೋಡುತ್ತಿದ್ದ. ಸವೆದಷ್ಟೂ ತನ್ನಿಂದ ದೂರ ಹೋಗಿ ಬಂದಿದ್ದಾಳೆ ಅನ್ನಿಸುತ್ತಿತ್ತು.

ಆಮೇಲೆ ಒಂದು ಓಣಿಯಲ್ಲಿ, ಹಿಂದುಹಿಂದಕ್ಕೆ ಬಂದ ಲಾರಿಯೊಂದು ಅವಳನ್ನು ಗೋಡೆಗೆ ಒತ್ತಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಯಾರ ಹತ್ತಿರವೂ ಹೇಳಲಾಗದ ಒಂದು ಸಂಗತಿ ಅಲ್ಲಿಂದ ಶುರುವಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳ ಹಾಸಿಗೆಯನ್ನು ಅಂಗಡಿಗೆ ಹೊಂದಿಕೊಂಡ ಕೋಣೆಯಲ್ಲಿ ಹಾಕಿದ್ದರು. ನಡುವಿನ ಬಾಗಿಲು ತೆರೆದರೆ ಅವನ ಕಣ್ಣಳತೆಯಲ್ಲೇ ಅವಳು. “ರೀ, ನೀರು” ಅಂದರೆ ಸುತ್ತಿಗೆ ಕೆಳಗಿಟ್ಟು ಏಳುತ್ತಿದ್ದ. “ರೀ, ಕಿಟಕಿ” ಅಂದರೆ ಏಳುತ್ತಿದ್ದ. ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದ. ಅವಳ ಎರಡೂ ಕೈ ಅವನ ಕುತ್ತಿಗೆಯ ಸುತ್ತ. ಅವಳು ಅಳುತ್ತಿದ್ದಳು, ಅವನ ಕಣ್ಣೂ ಒದ್ದೆಯಾಗುತ್ತಿತ್ತು, ಅದು ಸುಳ್ಳಲ್ಲ. ಆದರೆ ಆ ಅಳುವಿನ ಅಡಿಯಲ್ಲಿ ಅವನು ಸುಖವಾಗಿದ್ದ. ಮದುವೆಯಾದಂದಿನಿಂದ ಅಷ್ಟು ಸುಖವಾಗಿ ಇದ್ದದ್ದೇ ಇಲ್ಲ. ಇದು ತನಗೆ ತಾನೇ ಗೊತ್ತಾದ ದಿನ ಕನ್ನಡಿ ನೋಡದೆ ಗಡ್ಡ ಹೆರೆದುಕೊಂಡ.

ಈಗ ಈ ಕಾಲು ಬಂದಿದೆ. ಜೊತೆಗೆ ಕಾಲು ಮಾಡಿದವನೂ.

ಆ ಮನುಷ್ಯ ನೋಡುವುದಕ್ಕೆ ಏನೇನೂ ಅಲ್ಲ. ಬೋಳುತಲೆ, ಗುಡಾಣದಂಥ ಹೊಟ್ಟೆ, ಮೊಣಕೈವರೆಗೆ ಪ್ಲಾಸ್ಟರಿನ ಬಿಳಿ ಪುಡಿ. ಅವನ ಕಾರ್ಯಾಗಾರ ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರ; ಉದ್ದನೆಯ ಕೋಣೆ, ಗೋಡೆಗೆ ಆಳೆತ್ತರದ ಕನ್ನಡಿ, ನಡುವೆ ಹಿಡಿದು ನಡೆಯಲು ಎರಡು ಕಬ್ಬಿಣದ ಸರಳು, ಮೂಲೆಯಲ್ಲಿ ಯಾರು ಯಾರದೋ ಕಾಲುಗಳು ಛತ್ರಿಗಳ ಹಾಗೆ ಒರಗಿಕೊಂಡಿದ್ದವು. ಅವನೇ ಕಾಲು ಮಾಡುತ್ತಿದ್ದ, ಅವನೇ ನಡೆಸುತ್ತಿದ್ದ.

“ಬನ್ನಿ ಮೀಟರಮ್ಮ, ಇವತ್ತು ಕರೆಂಟ್ ಇದೆಯಾ ಮೈಯಲ್ಲಿ?”

“ಇದೆ, ಆದ್ರೆ ವೋಲ್ಟೇಜ್ ಕಮ್ಮಿ.”

“ಬಿಲ್ ಬರೋ ಹಾಗೆ ಉರೀಬೇಕಮ್ಮ. ಹೂಂ, ಭಾರ ಹಾಕಿ. ಕಾಲು ನನ್ನದು ಅಂತ ಹೆದರಬೇಡಿ, ಮುರಿದ್ರೆ ಇನ್ನೊಂದಿದೆ.”

ಅವಳು ನಕ್ಕಳು. ಬೂಟು ಮಾಸ್ತರ ಗೋಡೆ ಬದಿಯ ಬೆಂಚಿನ ಮೇಲೆ ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಷ್ಟೋ ತಿಂಗಳಿನಿಂದ ಕೇಳದ ನಗು ಅದು. ಮನೆಯಲ್ಲಿ ಅವನು ಎಷ್ಟು ಸಲ ಎತ್ತಿ ಇಳಿಸಿದ್ದಾನೆ. ಒಂದು ಸಲವಾದರೂ ಹೀಗೆ ನಕ್ಕಳೇ?

ಕಾಲಿನವನು ಅವಳ ಮುಂದೆ ಮಂಡಿಯೂರಿ ಕೂತ. ಮೊಂಡುಗಾಲಿಗೆ ಉಣ್ಣೆಯ ಚೀಲ ಏರಿಸಿ, ಸುಕ್ಕು ನೀವಿ, ಅಂಗೈಯಲ್ಲಿ ಹಿಡಿದು, “ಇಲ್ಲಿ ನೋಯ್ತದಾ? ಇಲ್ಲಿ?” ಎಂದು ಕೇಳಿದ. ಆ ಕೂರುವ ಬಗೆ ಬೂಟು ಮಾಸ್ತರನಿಗೆ ಚೆನ್ನಾಗಿ ಗೊತ್ತು. ಪಾದವನ್ನು ಅಂಗೈಯಲ್ಲಿ ಹಿಡಿದಾಗ ಎದುರಿಗಿರುವವರ ಇಡೀ ಮೈ ಹೇಗೆ ಕೈಗೆ ಬರುತ್ತದೆ ಎಂಬುದೂ ಗೊತ್ತು. ಗೊತ್ತಿದ್ದದ್ದೇ ಮೈ ಉರಿಸಿತು. ಅವಳಾದರೂ ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು ಬಂದಿದ್ದಳು. ಕಟ್ಟಿಕೊಂಡದ್ದು ಬೆವರಿಗೆ ಎಂದು ಅವನಿಗೂ ಕಾಣುತ್ತಿತ್ತು. ಆದರೂ ಯಾರಿಗಾಗಿ ಎಂದು ಮನಸ್ಸು ಕೇಳಿಯೇ ಕೇಳಿತು.

ಸರಳುಗಳ ನಡುವೆ ಅವಳು ನಡೆದಳು. ಮೊದಲು ನೆಲ ನೋಡುತ್ತ, ಆಮೇಲೆ ಕನ್ನಡಿ ನೋಡುತ್ತ. “ಕಾಲನ್ನ ನೋಡಬೇಡಿ, ಅದು ಎಲ್ಲಿಗೂ ಓಡಿಹೋಗಲ್ಲ. ಎದುರಿಗೆ ನೋಡಿ” ಎಂದ ಕಾಲಿನವನು. ಅವಳು ಎದುರಿಗೆ ನೋಡಿದಳು. ಕನ್ನಡಿಯಲ್ಲಿ ಬೆಂಚಿನ ಮೇಲೆ ಕೂತ ಗಂಡ ಕಾಣುತ್ತಿದ್ದನಾದರೂ ಅವಳ ದೃಷ್ಟಿ ಅವನನ್ನು ದಾಟಿ ಇನ್ನೆಲ್ಲಿಗೋ ಹೋಗುತ್ತಿತ್ತು.

ದಿನಗಳು ಕಳೆದ ಹಾಗೆ ಸರಳು ಬಿಟ್ಟಳು, ಊರುಗೋಲು ಹಿಡಿದಳು, ಒಂದು ದಿನ ಅದನ್ನೂ ಬಾಗಿಲ ಹಿಂದೆ ಇಟ್ಟಳು. ಕಾಲಿಗೆ ಹಾಕಿಕೊಂಡಿದ್ದದ್ದು ಕಾರ್ಯಾಗಾರದಲ್ಲೇ ಕೊಟ್ಟ, ಹಿಮ್ಮಡಿಯೇ ಇಲ್ಲದ ಚಪ್ಪಟೆ ಕ್ಯಾನ್ವಾಸ್ ಬೂಟು. ಅದನ್ನು ನೋಡಿದಾಗೆಲ್ಲ ಮಾಸ್ತರನಿಗೆ ತನ್ನ ಮನೆಯಲ್ಲಿ ಬೇರೆಯವರ ಪಾತ್ರೆ ಕಂಡ ಹಾಗಾಗುತ್ತಿತ್ತು.

ಮನೆಗೆ ಮಗಳ ಆರೈಕೆಗೆಂದು ಬಂದಿದ್ದ ಅತ್ತೆ ಒಂದು ಸಂಜೆ ಅಂದಳು: “ಅಳಿಯಂದ್ರೇ, ನಿಮ್ಮ ಮುಖ ಯಾಕೆ ಹಳೇ ಬೂಟಿನ ನಾಲಿಗೆ ಥರ ಜೋತುಬಿದ್ದಿದೆ? ನಡೀತಾ ಇರೋದು ನನ್ನ ಮಗಳು, ಸುಸ್ತು ನಿಮಗೆ.”

“ಏನಿಲ್ಲ ಅತ್ತೆ. ಕೆಲಸ ಜಾಸ್ತಿ.”

“ಕೆಲಸವೋ, ಕಿಚ್ಚೋ? ನಮ್ಮ ಯಜಮಾನ್ರಿಗೂ ಇತ್ತು ಆ ಕಾಯಿಲೆ. ನಾನು ಬೆಕ್ಕಿಗೆ ಹಾಲು ಹಾಕಿದ್ರೂ ಎರಡು ದಿನ ಮಾತು ಬಿಡ್ತಿದ್ರು.”

ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಅವನು ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡ. ಬಾಯಿ ತುಂಬ ಮೊಳೆ ಇರುವವನನ್ನು ಯಾರೂ ಮಾತಾಡಿಸುವುದಿಲ್ಲ.

ಅಷ್ಟರಲ್ಲಿ ಕಚೇರಿಯಿಂದ ಸುದ್ದಿ ಬಂತು. ಸೋಮವಾರ ಮೇಲ್ವಿಚಾರಕಿ ಬಂದು ಅವಳ ಜೊತೆ ಒಂದು ಬೀದಿ ಪೂರ್ತಿ ನಡೆಯುತ್ತಾಳೆ. ಮೆಟ್ಟಿಲು ಹತ್ತಿ ಇಳಿದು ಮೀಟರ್ ಓದಲು ಸಾಧ್ಯವಾದರೆ ಅವಳ ಬೀದಿಗಳು ಮತ್ತೆ ಅವಳಿಗೆ. ಇಲ್ಲವಾದರೆ ಬೇರೆಯವರ ಪಾಲು. ಸುದ್ದಿ ಕೇಳಿ ಅವಳು ಕೋಣೆಯಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದಳು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ಅಂಗಡಿಯಲ್ಲಿ ಕೂತ ಅವನಿಗೆ ಒಂದೊಂದು ಹೆಜ್ಜೆಯೂ ಬಾಗಿಲಿನ ಕಡೆಗೇ ಹೋದಂತೆ ಕೇಳಿಸುತ್ತಿತ್ತು.

“ಆ ಕ್ಯಾನ್ವಾಸ್‌ನಲ್ಲಿ ಕೆಲಸಕ್ಕೆ ಹೋಗೋಕಾಗಲ್ಲ. ನಾನು ಬೂಟು ಮಾಡ್ತೀನಿ” ಎಂದ.

ಅವಳ ಮುಖ ಅರಳಿತು. “ಮುಂಚಿನ ಥರದ್ದಾ?”

“ಮುಂಚಿನ ಥರದ್ದೇ.”

ಕಾರ್ಯಾಗಾರದಲ್ಲಿ ಅವಳು ಈ ವಿಷಯ ಹೇಳಿದಾಗ ಕಾಲಿನವನು ಬೂಟು ಮಾಸ್ತರನ ಕಡೆ ತಿರುಗಿ, “ಮಾಡಿ ಮಾಡಿ, ಬಹಳ ಒಳ್ಳೇದು. ಆದ್ರೆ ಹಾಕಿಸೋಕೆ ಮುಂಚೆ ಒಂದ್ಸಲ ನನಗೆ ತೋರಿಸಿಬಿಡಿ ಮಾಸ್ತರೇ” ಎಂದ.

ತೋರಿಸಬೇಕಂತೆ. ಮೀಸೆ ಮೂಡುವ ಮುಂಚಿನಿಂದ ಚರ್ಮ ಕುಯ್ಯುತ್ತ ಬಂದವನು, ಆ ಪಾದಕ್ಕೇ ಬೂಟು ಮಾಡುತ್ತ ಬಂದವನು, ಹೋಗಿ ಈ ಪ್ಲಾಸ್ಟರಿನವನ ಮುಂದೆ ಬೂಟು ಹಿಡಿದು ನಿಲ್ಲಬೇಕಂತೆ. ಮಾಸ್ತರ ಹೂಂ ಅಂದ. ಹೂಂ ಅಂದಾಗಲೇ ತೋರಿಸುವುದಿಲ್ಲ ಎಂದು ಒಳಗೆ ತೀರ್ಮಾನವಾಗಿತ್ತು.

ಗೋಡೆಯಿಂದ ಅಚ್ಚುಗಳನ್ನು ಇಳಿಸಿದ. ಎಡಗಾಲಿನ ಅಚ್ಚಿನ ಮೇಲೆ ಧೂಳು ಕೂತಿತ್ತು. ಅಂಗಿಯ ತುದಿಯಿಂದ ಒರೆಸಿದ. ಈ ಲೋಕದಲ್ಲಿ ಆ ಪಾದ ಇನ್ನು ಉಳಿದಿರುವುದು ಈ ಮರದ ತುಂಡಿನಲ್ಲಿ ಮಾತ್ರ, ಅದೂ ತನ್ನ ಹತ್ತಿರ ಮಾತ್ರ. ಒಳ್ಳೆಯ ಕಂದು ಚರ್ಮ ತೆಗೆದ. ಹಳೆಯ ಅಚ್ಚಿಗೆ ಹಳೆಯದೇ ಹಿಮ್ಮಡಿ, ಎರಡು ಬೆರಳೆತ್ತರದ್ದು. ಅವಳು ಅದರ ಮೇಲೆ ಟಕಟಕ ನಡೆಯುತ್ತಿದ್ದದ್ದು ಬೀದಿಯ ತಿರುವಿನಿಂದಲೇ ಕೇಳಿಸುತ್ತಿತ್ತು. ಇಷ್ಟು ಚೆಂದದ ಬೂಟನ್ನು ಅವನು ಬಹಳ ಕಾಲದಿಂದ ಮಾಡಿರಲಿಲ್ಲ. ಪ್ರತಿ ಹೊಲಿಗೆಯಲ್ಲೂ ಆ ಬೋಳುತಲೆಗೆ ಒಂದು ಉತ್ತರ ಇತ್ತು.

ಶನಿವಾರ ಸಂಜೆ ಬಾಗಿಲ ಬಳಿ ಅವಳನ್ನು ಕೂರಿಸಿ ತಾನೇ ತೊಡಿಸಿದ. ಅವಳು ಎದ್ದು ನಿಂತಳು. ಹುಬ್ಬು ಗಂಟಾಯಿತು.

“ಯಾಕೋ ಮೊಣಕಾಲನ್ನ ಮುಂದಕ್ಕೆ ತಳ್ಳೋ ಹಾಗಿದೆ ರೀ.”

“ಹೊಸ ಬೂಟು. ಪಳಗಬೇಕು.”

“ಕಾಲು ಬಗ್ತಾ ಇದೆ.”

“ನಡಿ, ನಡೆದ್ರೆ ಸರಿಹೋಗುತ್ತೆ.”

ಅವಳು ಅವನನ್ನು ನಂಬಿ ಹೊಸ್ತಿಲು ದಾಟಿದಳು. ಎದುರು ಮನೆಯವರು ಕಿಟಕಿಯಲ್ಲಿ ನಿಂತು ಕೈಬೀಸಿದರು. ಮೊದಲ ಮೆಟ್ಟಿಲಿಗೆ ಎಡಗಾಲು ಇಳಿಸಿದಳು. ಮೊಣಕಾಲು ಯಾರೋ ಹಿಂದಿನಿಂದ ಹೊಡೆದಂತೆ ಮಡಿಚಿಕೊಂಡಿತು. ಅವನು ಕೈ ಚಾಚುವಷ್ಟರಲ್ಲಿ ಅವಳು ಬೀದಿಯ ಕಲ್ಲಿನ ಮೇಲೆ ಬಿದ್ದಿದ್ದಳು.

ಮೊಣಕೈ ತರಚಿತ್ತು, ಅಷ್ಟೆ. ಆದರೆ ಒಳಗೆ ಕರೆತಂದ ಮೇಲೆ ಅವಳು ಕಾಲು ಬಿಚ್ಚಿ ಗೋಡೆಯ ಕಡೆಗೆ ತಳ್ಳಿದಳು. “ಆ ಮನುಷ್ಯ ನನ್ನನ್ನ ನಗಿಸಿ ನಗಿಸಿ ಮೋಸ ಮಾಡಿದ. ಸರಳಿನ ನಡುವೆ ನಡೆಯೋಕಷ್ಟೇ ಆಗೋ ಕಾಲು ಇದು. ಇನ್ನು ಅಲ್ಲಿಗೆ ಹೋಗಲ್ಲ. ಸೋಮವಾರ ಬರಬೇಡಿ ಅಂತ ಕಚೇರಿಗೆ ಹೇಳಿಬಿಡಿ.”

ಅತ್ತೆ ಗಾಯಕ್ಕೆ ಔಷಧಿ ಹಚ್ಚುತ್ತಿದ್ದಳು. 

“ರೀ, ನೀರು” ಎಂದಳು ಹೆಂಡತಿ.

ಅವನು ಎದ್ದ. ಕೈಯಲ್ಲಿ ಲೋಟ ಹಿಡಿದು ಬರುವಾಗ ಅವನ ಕಣ್ಣು ಗೋಡೆಯ ಪಕ್ಕ ಹೋಯಿತು. ಅತ್ತೆ ಕಾಲನ್ನು ಎತ್ತಿ ನಿಲ್ಲಿಸಿದ್ದಳು, ಹೊಸ ಬೂಟಿನ ಸಮೇತ. ಕ್ಯಾನ್ವಾಸ್ ಬೂಟಿನಲ್ಲಿದ್ದಾಗ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಿದ್ದ ಕಾಲು ಈಗ ಮುಂದಕ್ಕೆ ವಾಲಿ, ಹಣೆಯನ್ನು ಗೋಡೆಗೆ ಕೊಟ್ಟುಕೊಂಡು ನಿಂತಿತ್ತು. ಅವನಿಗೆ ಆಗ ಅರ್ಥವಾಯಿತು. ಜೀವದ ಪಾದವಾದರೆ ಹಿಮ್ಮಡಿ ಏರಿದಷ್ಟು ಕಾಲಿನ ಗಿಣ್ಣು ಬಾಗಿಸಿಕೊಂಡು ಹೊಂದಿಕೊಳ್ಳುತ್ತದೆ. ರಬ್ಬರಿನ ಪಾದಕ್ಕೆ ಆ ಉಪಾಯ ಗೊತ್ತಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ ಎತ್ತರ. ಹಿಂದೆ ಎತ್ತಿದರೆ ಇಡೀ ಕಾಲು ಮುಂದೆ ಬೀಳುತ್ತದೆ. ಅದಕ್ಕೇ ಆ ಮನುಷ್ಯ ತೋರಿಸು ಅಂದದ್ದು.

ಅವಳು ನೀರು ಕುಡಿದು ಲೋಟ ಕೊಟ್ಟಳು. ಅವನು ಇಸಿದುಕೊಂಡ. ಒಂದು ಮಾತು ಆಡದಿದ್ದರೆ ಸಾಕು, ಎಲ್ಲ ಮುಂಚಿನಂತೆಯೇ. ಅವಳು ಈ ಹಾಸಿಗೆಯಲ್ಲಿ, ಅವನು ಆ ಬಾಗಿಲಲ್ಲಿ, ನಡುವೆ ನೀರಿನ ಲೋಟ. ಬೇಡಿದ್ದೂ ಇದನ್ನೇ ಅಲ್ಲವೇ? ಅವಳು ದಿಂಬಿಗೆ ಒರಗಿ ಚಾವಣಿ ನೋಡುತ್ತಿದ್ದಳು. ಆ ಕಣ್ಣಲ್ಲಿ ಬೀದಿಯೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ, ಅವನಂತೂ ಇರಲೇ ಇಲ್ಲ. ಅವನು ಕಾದ. ಹಿಂದಿನ ಆ ಸುಖ ಬಂದೀತೆಂದು ನಾಚಿಕೆಯಿಲ್ಲದೆ ಕಾದ. ಬರಲಿಲ್ಲ.

ಬೆಳಿಗ್ಗೆ ಕಾಲನ್ನು ಒಂದು ಚೀಲಕ್ಕೆ ಹಾಕಿಕೊಂಡು, “ರಿಪೇರಿಗೆ ಒಯ್ತೀನಿ” ಎಂದ.

“ಒಯ್ದು ಅವನ ತಲೆ ಮೇಲೆ ಹಾಕಿ” ಎಂದಳು ಅವಳು, ಮುಖ ತಿರುಗಿಸದೆ.

ಬಸ್ಸಿನಲ್ಲಿ ಹೆಂಡತಿಯ ಕಾಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಚೀಲದ ಬಾಯಿಂದ ಬೂಟಿನ ಮೂತಿ ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿದ್ದವನು ಒಮ್ಮೆ ನೋಡಿದ, ಮತ್ತೊಮ್ಮೆ ನೋಡಿದ, ಎದ್ದು ಬೇರೆ ಸೀಟಿಗೆ ಹೋದ.

ಭಾನುವಾರವಾದರೂ ಕಾರ್ಯಾಗಾರದ ಬಾಗಿಲು ತೆರೆದಿತ್ತು. ಕಾಲಿನವನು ಬೂಟನ್ನು ಕೈಯಲ್ಲಿ ಹಿಡಿದು ಮೊದಲು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. “ಅಬ್ಬ, ಎಂಥಾ ಕೆಲಸ ಮಾಸ್ತರೇ! ನನಗೆ ಜನ್ಮದಲ್ಲಿ ಯಾರೂ ಇಂಥ ಬೂಟು ಮಾಡಿಕೊಟ್ಟಿಲ್ಲ.” ಆಮೇಲೆ ಹಿಮ್ಮಡಿ ನೋಡಿದ. “ಬಿದ್ರಾ?”

“ಹೂಂ.”

“ಪೆಟ್ಟು?”

“ಮೊಣಕೈ.”

ಅವನು ಬೈಯಲಿಲ್ಲ. ಬೈದಿದ್ದರೆ ಮಾಸ್ತರನಿಗೆ ಹಗುರವಾಗುತ್ತಿತ್ತು. ಕಾಲನ್ನು ಮೇಜಿನ ಮೇಲೆ ಮಲಗಿಸಿ ಗಿಣ್ಣಿನ ಹತ್ತಿರ ತೋರಿಸಿದ. “ಎರಡು ದಾರಿ ಇದೆ. ಇಲ್ಲೊಂದು ತಿರುಪಿದೆ. ಇದನ್ನ ತಿರುಗಿಸಿ ಪಾದವನ್ನ ನಿಮ್ಮ ಹಿಮ್ಮಡಿಗೆ ಹೊಂದಿಸ್ತೀನಿ, ಕೂತಷ್ಟು ಹೊತ್ತಿನ ಕೆಲಸ. ಆದ್ರೆ ಆಮೇಲೆ ಅವರು ಇದೇ ಎತ್ತರದ ಬೂಟೇ ಹಾಕ್ಬೇಕು. ಅಂಗಡೀಲಿ ಸಿಗೋ ಚಪ್ಪಟೆ ಬೂಟು ಹಾಕಿದ್ರೆ ಹಿಂದಕ್ಕೆ ಬೀಳ್ತಾರೆ. ಇಲ್ಲಾ, ಕಾಲು ಹೀಗೇ ಇರಲಿ, ನೀವು ಚಪ್ಪಟೆ ಬೂಟು ಮಾಡಿ. ಆಗ ಎಲ್ಲಿ ಬೇಕಾದ್ರೂ ಕೊಂಡು ಹಾಕ್ಕೋಬಹುದು.”

“ತಿರುಪು ತಿರುಗಿಸಿದ್ರೆ... ನಾನು ಮಾಡಿದ್ದೇ ಹಾಕ್ಬೇಕು.”

“ಜೀವಮಾನದ ಗಿರಾಕಿ!” ಕಾಲಿನವನು ಹೊಟ್ಟೆ ಕುಲುಕಿಸಿ ನಕ್ಕು, ತಿರುಪಿನ ಕೀಲಿಯನ್ನು ಕೈಗೆತ್ತಿಕೊಂಡ. “ಹೇಳಿ, ಯಾವುದು?”

ಮೇಜಿನ ಮೇಲೆ ಇಬ್ಬರ ನಡುವೆ ಅವಳ ಕಾಲು ಮಲಗಿತ್ತು. ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಅವಳು ಎಷ್ಟು ಬಾಗಿಲಿಗೆ ಹೋದರೂ, ಯಾವ ಮುದುಕನ ಕುರ್ಚಿಯ ಹತ್ತಿರ ನಿಂತರೂ, ಅವನ ಹಿಮ್ಮಡಿಯ ಮೇಲೆಯೇ ನಿಲ್ಲಬೇಕು. ಬೂಟು ಸವೆದಾಗ ಅವನ ಹತ್ತಿರವೇ ಬರಬೇಕು. ಬೇಡವೆನ್ನಲು ಕಾರಣವೇ ಇಲ್ಲ. ಬೂಟು ಚೆನ್ನಾಗಿದೆ, ಅವಳಿಗೂ ಇಷ್ಟ, ಸೋಮವಾರಕ್ಕೆ ಹೊತ್ತೂ ಕಡಿಮೆ. ‘ತಿರುಗಿಸಿ’ ಎಂಬ ಮಾತು ತುಟಿಯವರೆಗೆ ಬಂತು. ಆಗ ಹೊಸ್ತಿಲ ಹತ್ತಿರ ಅವಳು ಹುಬ್ಬು ಗಂಟಿಕ್ಕಿದ್ದು ನೆನಪಾಯಿತು. ಕಾಲು ಬಗ್ತಾ ಇದೆ ಅಂದವಳಿಗೆ ನಡಿ ಅಂದದ್ದು.

“ಕೇಳ್ಕೊಂಡು ಬರ್ತೀನಿ” ಎಂದ.

“ಯಾರನ್ನ?”

“ಕಾಲಿನ ಯಜಮಾನಿನ.”

ಅದೇ ಚೀಲ, ಅದೇ ಬಸ್ಸು. ಮನೆಗೆ ಬಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಕಾಲನ್ನು ನಡುವೆ ಇಟ್ಟು, ಎರಡು ದಾರಿಯನ್ನೂ ಹೇಳಿದ. ಕೊನೆಗೆ, “ತಪ್ಪು ಕಾಲಿನದ್ದಲ್ಲ. ಹಿಮ್ಮಡೀದು” ಎಂದ.

ಅವಳು ದಿಂಬಿನಿಂದ ಎದ್ದು ಕೂತಳು. ಆಮೇಲೆ ಕೇಳಿದಳು: “ಯಾವಾಗ ಗೊತ್ತಾಯ್ತು?”

“ನಿನ್ನೆ ಸಂಜೆ.”

“ನೀರು ತಂದುಕೊಟ್ರಲ್ಲ, ಆವಾಗ?”

“ಹೂಂ.”

“ಆ ಮನುಷ್ಯನ್ನ ಬಾಯಿಗೆ ಬಂದ ಹಾಗೆ ಬೈತಾ ಇದ್ದೆ. ಕೇಳಿಸ್ಕೊಂಡು ಕೂತಿದ್ರಿ.”

“ಹೂಂ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತೆಯ ಕಿವಿ ಇತ್ತ ಇತ್ತು. ಹೆಂಡತಿ ಅವನ ಮುಖವನ್ನು ನೋಡುತ್ತಿದ್ದಳು, ಮೀಟರ್ ಓದುವವರು ನೋಡುವ ಹಾಗೆ, ಕರುಣೆಯೂ ಇಲ್ಲದೆ ಕೋಪವೂ ಇಲ್ಲದೆ, ಒಳಗೆ ಎಷ್ಟು ಸುತ್ತಿದೆ ಎಂದು. ಅವನಿಗೆ ಇನ್ನೇನೋ ಹೇಳಬೇಕಿತ್ತು, ಆ ಹಾಸಿಗೆಯ ತಿಂಗಳುಗಳಲ್ಲಿ ತಾನು ಸುಖವಾಗಿದ್ದ ವಿಷಯ. ಬಾಯಿ ತೆರೆದ. ಬಾಯಲ್ಲಿ ಮೊಳೆಗಳಿರಲಿಲ್ಲ, ಆದರೂ ಮಾತು ಬರಲಿಲ್ಲ. ಅವಳೇ ತಲೆಯಾಡಿಸಿದಳು, ಬೇಡ ಎನ್ನುವಂತೆ. ಅವಳಿಗೆ ಗೊತ್ತಿತ್ತೋ ಏನೋ.

“ಚಪ್ಪಟೆ ಮಾಡಿ” ಎಂದಳು. “ಯಾರ ಬೂಟು ಹಾಕ್ಕೋಬೇಕು ಅಂತ ಆಮೇಲೆ ನಾನು ಯೋಚನೆ ಮಾಡ್ತೀನಿ.”

ಅತ್ತೆ ಬಾಗಿಲಿಗೆ ಬಂದು, “ಅಳಿಯಂದ್ರೇ, ಕೂತ್ರೆ ಸಾಲದು, ನಾಳೆ ಸೋಮವಾರ” ಎಂದಳು.

ಬರೀ ಹಿಮ್ಮಡಿ ಕುಯ್ದರೆ ಆಗದು. ಆ ಅಚ್ಚಿನ ಮೇಲೆ ಹುಟ್ಟಿದ ಬೂಟು ಮೂತಿ ಎತ್ತಿ ಆಕಾಶ ನೋಡುತ್ತದೆ. ಹೊಲಿಗೆ ಪೂರ್ತಿ ಬಿಚ್ಚಿದ. ಬಲಗಾಲಿನ ಅಚ್ಚಿನ ಅಡಿಯನ್ನು ಹೆರೆದು ಸಮ ಮಾಡಿದ. ಎಡಗಾಲಿನದಕ್ಕೆ ಹೊಸ ಅಚ್ಚೇ ಬೇಕಿತ್ತು. ನೆಲದ ಮೇಲೆ ಕೂತು ರಬ್ಬರಿನ ಪಾದವನ್ನು ಮೊದಲ ಸಲ ಅಂಗೈಗೆ ತೆಗೆದುಕೊಂಡ. ತಣ್ಣಗಿತ್ತು. ಪಟ್ಟಿ ಸುತ್ತಿ ಅಳತೆ ತೆಗೆದ, ಯಾವ ಗಿರಾಕಿಯದಾದರೂ ತೆಗೆಯುವ ಹಾಗೆ. ಹಳೆಯ ಎಡ ಅಚ್ಚನ್ನು ಮತ್ತೆ ಗೋಡೆಗೆ ಹಾಕಲು ಹೋಗಿ, ಹಾಕದೆ, ಪೆಟ್ಟಿಗೆಯೊಳಗೆ ಇಟ್ಟ.

ಸೋಮವಾರ ಅವಳು ಮೇಲ್ವಿಚಾರಕಿಯ ಜೊತೆ ಬೀದಿಗಿಳಿದಳು. ಅವನಿಗೆ ಬರಬೇಡಿ ಅಂದಿದ್ದಳು. ಅಂಗಡಿಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತ. ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ. ಒಂದು ಬಾಗಿಲು ತೆರೆಯಿತು. “ಅಯ್ಯೋ, ಮೀಟರಮ್ಮ!” ಎಂದು ಯಾರೋ ಕೂಗಿದರು. ಇನ್ನೊಂದು ಬಾಗಿಲು ತೆರೆಯಿತು. ಹೆಜ್ಜೆಗಳು ತಿರುವಿನಲ್ಲಿ ಕೇಳಿಸದಾದವು. ಅವನು ಮುಂಚಿನಂತೆಯೇ ತೆರೆದ ಬಾಗಿಲುಗಳನ್ನು ಎಣಿಸುತ್ತ ಕೂತ. ಆ ಕಿಚ್ಚಿಗೆ ಯಾರೂ ತಿರುಪು ಇಟ್ಟಿರಲಿಲ್ಲ.

ಕೆಲಸಕ್ಕೆ ಹೋಗತೊಡಗಿ ಸ್ವಲ್ಪ ಕಾಲವಾದ ಮೇಲೆ ಒಂದು ಸಂಜೆ ಅವಳು ಬೇರೆಯೇ ಬೂಟು ಹಾಕಿಕೊಂಡು ಬಂದಳು. ನೀಲಿ ಬಣ್ಣದ್ದು, ಪೇಟೆಯದು. ಅವನು ಮಾಡಿದ ಜೋಡಿ ಕಾಗದದ ಚೀಲದಲ್ಲಿತ್ತು.

“ಸುಮ್ನೆ ತಗೊಂಡೆ. ಆಗುತ್ತಾ ನೋಡೋಣ ಅಂತ” ಎಂದಳು. ಕಣ್ಣು ತಪ್ಪಿಸಲಿಲ್ಲ.

“ಬಿಗಿ ಇಲ್ಲವಾ?”

“ಇಲ್ಲ. ಸರಿಯಾಗಿದೆ.”

ಅವನು ಬಗ್ಗಿ ನೋಡಿದ. “ಇದರ ಹೊಲಿಗೆ ನಿಲ್ಲಲ್ಲ.”

“ಕಿತ್ತುಹೋದ್ರೆ ನಿಮ್ಮ ಹತ್ರ ತರ್ತೀನಿ ಬಿಡಿ. ಗಿರಾಕಿ ಥರ.” ನಗುತ್ತ ಒಳಗೆ ಹೋದಳು. ಆ ನಗು ಕಾರ್ಯಾಗಾರದ್ದಲ್ಲ, ಹಿಂದೆಂದೋ ಈ ಅಂಗಡಿಯಲ್ಲೇ ಕೇಳಿದ್ದು. ಆದರೆ ಅವನಿಗೆ ಆಗ ಅದರ ಕಡೆ ಗಮನವಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಅವಳು ಬಿಚ್ಚಿಟ್ಟ ನೀಲಿ ಬೂಟನ್ನು ಮಗುಚಿ, ದೀಪಕ್ಕೆ ಹಿಡಿದು, ಯಾವನೋ ಕಾಣದ ಮನುಷ್ಯ ಯಾವುದೋ ಯಂತ್ರದಲ್ಲಿ ಹಾಕಿದ ಹೊಲಿಗೆಯನ್ನು ಉಗುರಿನಿಂದ ಮೀಟಿ ನೋಡುತ್ತಿದ್ದ. ಅದು ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.